ರಿಪೋರ್ಟು ಬಂದ ದಿನದ ಕೇಸರಿಬಾತು

ಸೀತಾರಾಮ ಭಟ್ಟ ಸಾಂಬಾರಿನ ರುಚಿ ನೋಡುತ್ತಿದ್ದದ್ದು ಮೂಗಿನಲ್ಲಿ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವ ಅಡುಗೆಯವನನ್ನು ಕಂಡರೆ ಅವನಿಗೆ ಹೇಸಿಗೆ. ಕುಂದಾಪುರದ ಕಡೆಯ ಮದುವೆಮನೆಗಳಲ್ಲಿ ಕೊಪ್ಪರಿಗೆಯ ಕೆಳಗೆ ಬೆಂಕಿ ಉರಿಸುತ್ತ ಕಲಿತದ್ದು ಅದು: ಬಡಿಸುವ ಮೊದಲು ನಾಲಗೆ ತಾಗಿದರೆ ಇಡೀ ಅಡುಗೆ ಎಂಜಲು. ಹಬೆಗೆ ಮುಖ ಒಡ್ಡಿ "ಉಪ್ಪು ಒಂದು ಹಿಡಿ ಕಮ್ಮಿ" ಎಂದನೆಂದರೆ ಒಂದು ಹಿಡಿಯೇ ಕಮ್ಮಿ.

ವಡೋದರದ ಮಕರಪುರದಲ್ಲಿ, ಕಾರ್ಖಾನೆಯೊಂದರ ಗೇಟಿನೆದುರು ಕೇಶವ ಶೆಟ್ಟರು ಇಟ್ಟಿದ್ದ ಉಡುಪಿ ಹೋಟೆಲಿನ ಒಲೆ ಅವನದು. ಗುಜರಾತಿಗಳು ಅಡುಗೆಯವರನ್ನೆಲ್ಲ 'ಮಹಾರಾಜ್' ಎನ್ನುತ್ತಾರೆ, ಇವನೂ ಮಹಾರಾಜನೇ. ಮಹಾರಾಜನ ರಾಜ್ಯವೆಂದರೆ ಮಂಜಲ್‌ಪುರದಲ್ಲಿ ಒಂದು ಬಾಡಿಗೆ ಕೋಣೆ, ನಾಲ್ಕು ಪಂಚೆ, ಹೆಂಡತಿ ಯಶೋದಾ. ಬೀಡಿ ಇಲ್ಲ, ಹೆಂಡ ಇಲ್ಲ, ಎಲೆಯಡಿಕೆ ಸಹ ಇಲ್ಲ. ಹೊಗೆಸೊಪ್ಪು, ಅಡಿಕೆ ತಿಕ್ಕಿದ ಮಾವಾ ಅಗಿಯುತ್ತ ಬರುವ ಗಿರಾಕಿಗಳನ್ನು ಅಡುಗೆಮನೆಯ ಕಿಂಡಿಯಿಂದ ನೋಡಿ ಉಗಿಯುತ್ತಿದ್ದ: "ಬಾಯಿಯಾ ಅದು, ಬಚ್ಚಲಾ? ಕ್ಯಾನ್ಸರ್ ಬಂದೇ ಸಾಯ್ತಾರೆ ಇವರೆಲ್ಲ, ನೋಡ್ತಾ ಇರಿ ಶೆಟ್ರೆ."

ತೊಂಬತ್ತೇಳರಲ್ಲಿ ಗಂಟು ಎದ್ದದ್ದು ಅವನ ಕುತ್ತಿಗೆಯಲ್ಲಿ. ಎಡಗಿವಿಯ ಕೆಳಗೆ, ಅಡಿಕೆಯಷ್ಟು ದೊಡ್ಡದು. ನೋವಿಲ್ಲ, ಕೆಂಪಿಲ್ಲ.

"ಕೆಪ್ಪಟೆ ಬಾವು ಮಾರಾಯ್ರೆ," ಎಂದರು ಶೆಟ್ಟರು. "ಸಣ್ಣದಿರುವಾಗ ಆಗ್ಲಿಲ್ವಾ ನಿಮಗೆ? ಈಗ ಬಾಲ್ಯ ಬಂದಿದೆ. ಅರಿಸಿನ ಅರೆದು ಹಚ್ಚಿ."

ಸೀತಾರಾಮ ಅರಿಸಿನ ಹಚ್ಚಿದ. ಆದರೆ ಇದು ಕೆಪ್ಪಟೆಯಲ್ಲ, ಸೂರತ್ತಿನ ಪಾಪ ಎಂದು ಅವನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಸತ್ತರೂ ಚಿಂತೆಯಿಲ್ಲ, ಯಶೋದೆಗೆ ಮಾತ್ರ ಅದು ಗೊತ್ತಾಗಬಾರದು.

ಇಪ್ಪತ್ತನೆಯ ವಯಸ್ಸಿಗೆ ಸೂರತ್ತಿಗೆ ಬಂದವನು ಇಪ್ಪತ್ತು ವರ್ಷ ಅಲ್ಲೇ ಬೆಂದ. ಕೊನೆಕೊನೆಗೆ ಸಚಿನ್ ಕೈಗಾರಿಕಾ ವಸಾಹತಿನ ಒಂದು ಕ್ಯಾಂಟೀನು. ಒಂದು ಶೆಡ್ಡಿನಲ್ಲಿ ಹದಿನೆಂಟು ಗಂಡಸರು, ಹೆಂಡಿರೆಲ್ಲ ಊರಲ್ಲಿ, ವರ್ಷಕ್ಕೊಂದು ತಿಂಗಳು ರಜೆ. ಹನ್ನೊಂದು ತಿಂಗಳು ಗಂಡಸನ್ನು ಒಲೆಗೆ ಕಟ್ಟಿಹಾಕಿದರೆ ವಾರದ ರಜೆಗೆ ಅವನು ಎಲ್ಲಿಗೆ ಹೋಗುತ್ತಾನೆಂದು ಮಾಲೀಕರಿಗೂ ಗೊತ್ತಿತ್ತು, ಗುತ್ತಿಗೆದಾರರಿಗೂ ಗೊತ್ತಿತ್ತು. ಅವನೂ ಹೋದ. ಒಂದು ಸಲವಲ್ಲ, ವರ್ಷಗಟ್ಟಲೆ. ಅಲ್ಲಿಯ ಹೆಂಗಸರೂ ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವರೇ. ಎಂಬತ್ತನಾಲ್ಕರಲ್ಲಿ ತೋರಿಸಬಾರದ ಜಾಗದಲ್ಲಿ ನರೂಲಿಗಳು ಗೊಂಚಲಾಗಿ ಎದ್ದಾಗ, ರೈಲ್ವೆ ಗೋಡೆಯ ಪಕ್ಕ ಗುಡಾರ ಹಾಕಿದ್ದ 'ಗುಪ್ತರೋಗ' ವೈದ್ಯನೊಬ್ಬ ಆ್ಯಸಿಡ್ ಹಚ್ಚಿ ಸುಟ್ಟ. "ಹೋಯಿತು, ಬೇರುಸಹಿತ ಹೋಯಿತು," ಎಂದ. ಇವನು ನಂಬಿ ಮುಂದಿನ ತಿಂಗಳೇ ಊರಿಗೆ ಹೋದ, ಯಶೋದೆಯ ಜೊತೆ ಮಲಗಿದ. ಮಕ್ಕಳಾಗಲಿಲ್ಲ. ಊರಿನವರು ದೋಷವನ್ನೆಲ್ಲ ಯಶೋದೆಯ ತಲೆಗೆ ಕಟ್ಟಿ ನಾಗಪ್ರತಿಷ್ಠೆ ಮಾಡಿಸಿದರು. ಅವನು ಆಗಲೂ ಬಾಯಿ ಬಿಡಲಿಲ್ಲ.

ತೊಂಬತ್ನಾಲ್ಕರಲ್ಲಿ ಪ್ಲೇಗಿನ ಗುಲ್ಲೆದ್ದು ಅರ್ಧ ಸೂರತ್ತು ರೈಲು ಹತ್ತಿತು. ಅವನೂ ಸಿಕ್ಕ ಗಾಡಿ ಹತ್ತಿ ವಡೋದರದಲ್ಲಿ ಇಳಿದ. ಶೆಟ್ಟರ ಒಲೆ ಸಿಕ್ಕಿತು, ಯಶೋದೆಯನ್ನು ಕರೆಸಿಕೊಂಡ.

ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಏಡ್ಸಿನ ಮಾತು. ಶೆಟ್ಟರು ಗಲ್ಲಾದಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು: "ಆ ರೋಗದವ ನನ್ನ ಹಿಟ್ಟಿನ ಪಾತ್ರೆ ಮುಟ್ಟಿದ್ರೆ ಹೋಟೆಲಿಗೆ ಬೀಗವೇ." ಡಾಕ್ಟರ ಹತ್ತಿರ ಹೋದರೆ ರಕ್ತ ತೆಗೆಯುತ್ತಾರೆ, ರಕ್ತ ತೆಗೆದರೆ ಸೂರತ್ತು ಹೊರಗೆ ಬೀಳುತ್ತದೆ. ಹೀಗೆಂದುಕೊಂಡೇ ಸೀತಾರಾಮ ಒಂದು ವರ್ಷ ಕಳೆದ. ಗಂಟು ನಿಂಬೆಹಣ್ಣಾಯಿತು. ಅನ್ನ ಗಂಟಲಲ್ಲಿ ಸಿಕ್ಕತೊಡಗಿತು, ನಾಲಗೆಯ ಬುಡ ಕಲ್ಲಿನಂತೆ ಭಾರ. ಯಾರಿಗೂ ಸುಳಿವು ಸಿಗಲಿಲ್ಲ. ಅಡುಗೆಯವನು ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ಒಬ್ಬನೇ. ಮೇಲಾಗಿ ಅವನ ನಾಲಗೆ ಸರಿ ಇದೆಯೋ ಇಲ್ಲವೋ ಎಂದು ನೋಡುವ ಅಗತ್ಯವೇ ಆ ಅಡುಗೆಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೊನೆಗೆ ಶೆಟ್ಟರೇ ಹಿಡಿದರು. "ಭಟ್ರೆ, ಗಿರಾಕಿಗಳು ಕೇಳ್ತಾರೆ, ಮಹಾರಾಜ್ ಕುತ್ತಿಗೇಲಿ ಎಂತ ಅಂತ. ರಕ್ತ ಪರೀಕ್ಷೆ ಮಾಡಿಸಿ ಬನ್ನಿ. ಆಮೇಲೆ ಒಲೆ."

ಲ್ಯಾಬಿನವರು ರಕ್ತ ಎಳೆದರು. ನಾಲ್ಕನೆಯ ದಿನ ರಿಪೋರ್ಟು ಬಂತು: ಏಡ್ಸ್ ಇಲ್ಲ. ಅವನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತ. ಕಾಗದವನ್ನು ಶೆಟ್ಟರಿಗೆ ತೋರಿಸಿ, ನೆಟ್ಟಗೆ ಅಡುಗೆಮನೆಗೆ ಬಂದು ಎರಡು ಸೇರು ರವೆ ಹುರಿದ, ತುಪ್ಪ ಸುರಿದ, ದ್ರಾಕ್ಷಿ ಗೋಡಂಬಿ ಕೈತುಂಬ ಹಾಕಿದ.

"ಎಂತ ವಿಶೇಷ ಭಟ್ರೆ?"

"ಹರಕೆ ಇತ್ತು ಶೆಟ್ರೆ, ತಿನ್ನಿ."

ಎಲ್ಲರೂ ತಿಂದರು. ರಕ್ತದಲ್ಲಿ ಏನೂ ಇಲ್ಲವಂತೆ ಎಂದು ಹೇಳಿ ಮನೆಗೆ ಒಯ್ದದ್ದನ್ನು ಯಶೋದಾ ಎರಡು ಸಲ ಬಡಿಸಿಕೊಂಡು ತಿಂದಳು. ಸೀತಾರಾಮ ಒಂದು ತುತ್ತು ಬಾಯಿಗಿಟ್ಟು, ನುಂಗಲಾಗದೆ ಬಚ್ಚಲಿಗೆ ಉಗಿದ. ಹಾಗಾದರೆ ಈ ಗಂಟು ಯಾವುದು ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಆ ಒಂದು ರೋಗ ಇಲ್ಲವೆಂದಾದ ಮೇಲೆ ಯಾವ ರೋಗವೂ ಇಲ್ಲ ಎಂಬ ಲೆಕ್ಕ. ಮತ್ತೆ ಏಳು ತಿಂಗಳು ಹಾಳಾದವು. ಎಂಜಲಲ್ಲಿ ರಕ್ತ ಬಂದ ದಿನ ಯಶೋದಾ ಕೈಹಿಡಿದು ಅಹಮದಾಬಾದಿನ ಕ್ಯಾನ್ಸರ್ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಗಂಟಲಿಗೆ ದೀಪ ಬಿಟ್ಟು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೆಂದು ಉತ್ತರ ಬಂದ ದಿನ ಅವನೊಬ್ಬನನ್ನೇ ಒಳಗೆ ಕರೆದು ಹಿಂದಿಯಲ್ಲಿ ಕೇಳಿದರು.

"ತಂಬಾಕು?"

"ಇಲ್ಲ ಸಾಹೇಬ್. ಅಮ್ಮನಾಣೆ."

"ಹೆಂಗಸರ ಸಹವಾಸ? ಗುಪ್ತರೋಗ ಏನಾದರೂ?"

ಸೀತಾರಾಮ ನೆಲ ನೋಡಿದ. ನರೂಲಿಯ ಕತೆ ತೊದಲಿದ.

"ಆ ಹೆಂಗಸರಿಗೆ ಬಾಯಿ ಹಾಕುವುದೂ ಇತ್ತಾ?"

ಅವನು ತಲೆ ಎತ್ತಲಿಲ್ಲ. ಡಾಕ್ಟರಿಗೆ ಅಷ್ಟು ಸಾಕಾಯಿತು.

"ನರೂಲಿ ತರುವ ವೈರಸ್ಸಿನ ಒಂದು ದೊಡ್ಡ ಕುಲವೇ ಇದೆ. ಎಲ್ಲವೂ ಕೆಟ್ಟವಲ್ಲ. ಕೆಲವು ಹೆಂಗಸರ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುತ್ತವೆ, ಅದು ಖಾತ್ರಿ. ಗಂಟಲಿಗೂ ತರುತ್ತವೆಂದು ಹೊರದೇಶದವರು ಈಗೀಗ ಬರೆಯುತ್ತಿದ್ದಾರೆ. ನಿನ್ನದು ಅದರಿಂದಲೇ ಎಂದು ನಾನು ಹೇಳಲಾರೆ. ನಿನ್ನ ನಾಲಗೆಯ ಬುಡ, ಧ್ವನಿಪೆಟ್ಟಿಗೆ ಎರಡೂ ತೆಗೆಯಬೇಕು, ಆಮೇಲೆ ಮಾತಿಲ್ಲ. ಅದಕ್ಕೆ ಮೊದಲು ಹೆಂಡತಿಗೆ ಹೇಳು, ಅವಳನ್ನೂ ಇಲ್ಲೇ ತೋರಿಸು. ಮೊದಲೇ ಸಿಕ್ಕಿದರೆ ಅವಳು ಉಳಿಯುತ್ತಾಳೆ."

ಎಂಟು ದಿನ ಸೀತಾರಾಮ ಹೇಳಲಿಲ್ಲ. ಆಸ್ಪತ್ರೆಯ ಹಿಂದಿನ ಧರ್ಮಶಾಲೆಯಲ್ಲಿ ಅವಳು ಗಂಜಿ ಬೇಯಿಸಿ, ಸೋಸಿ, ಚಮಚದಲ್ಲಿ ಕುಡಿಸುತ್ತಿದ್ದಳು. ಹೇಳಿದರೆ ಎದ್ದು ಹೋದಾಳು, ಹೋದರೆ ಗಂಜಿ ಕುಡಿಸುವವರು ಯಾರು? ಅವನ ಹೆದರಿಕೆ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಅಲ್ಲ. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಕೊನೆಗೂ ಬಾಯಿ ಬಿಟ್ಟ.

"ನಿನ್ನನ್ನೂ ತೋರಿಸ್ಬೇಕಂತೆ, ಡಾಕ್ಟ್ರು ಹೇಳಿದ್ರು."

"ನನ್ನನ್ನಾ? ಎಂತಕ್ಕೆ?"

"ಸೂರತ್ತಲ್ಲಿ ಇರುವಾಗ ನಾನು..."

"ಅದು ಬಿಡಿ, ನಂಗೆ ಗೊತ್ತುಂಟು." ಅವಳು ಗಂಜಿ ತಿರುವುತ್ತಲೇ ಇದ್ದಳು. "ಊರಿಗೆ ಬಂದಾಗ ದೀಪ ಆರಿಸಿದ ಮೇಲೇ ಪಂಚೆ ಬಿಚ್ತಿದ್ರಿ. ಸುಟ್ಟ ಕಲೆ ನನ್ನ ಕೈಗೆ ತಿಳಿಯುದಿಲ್ವಾ? ತೋರಿಸುದು ಎಂತಕ್ಕೆ, ಅದನ್ನು ಹೇಳಿ."

ಅವನು ಹೇಳಿದ. ಅವಳ ಚಮಚ ನಿಂತಿತು.

"ಒಂದು ವರ್ಷದಿಂದ ರಕ್ತ ಹೋಗ್ತಾ ಉಂಟು," ಎಂದಳು. "ಮುಟ್ಟಿನದ್ದಲ್ಲ. ನಡುನಡುವೆ. ಆ ರೋಗವೇ ಅಂತ ನಾನೂ ಹೆದರಿದ್ದೆ. ನಿಮ್ಮ ರಿಪೋರ್ಟು ಬಂತಲ್ಲ, ಕೇಸರಿಬಾತು ತಂದ್ರಲ್ಲ. ನಿಮಗಿಲ್ಲ ಅಂದ್ರೆ ನಂಗೂ ಇಲ್ಲ ಅಂತ ಸುಮ್ಮನಾದೆ."

ಗಂಜಿಯನ್ನು ಒಲೆಯಿಂದ ಇಳಿಸಿ ಕೇಳಿದಳು: "ಡಾಕ್ಟ್ರು ಹೇಳಿದ್ದು ಯಾವಾಗ?"

"ಎಂಟು ದಿನ ಆಯ್ತು."

"ಎಂಟು ದಿನ," ಎಂದಳು ಯಶೋದಾ. ಗಂಜಿಯ ಪಾತ್ರೆ ಮುಚ್ಚಿ, ಸೀರೆ ಸರಿಮಾಡಿಕೊಂಡು, ಹೆಂಗಸರ ವಿಭಾಗದ ಸಾಲಿಗೆ ಒಬ್ಬಳೇ ಹೋದಳು.

ಅಲ್ಲಿಯ ಡಾಕ್ಟರಮ್ಮನಿಗೆ ಕೈಹಾಕಿ ನೋಡಿದ್ದೇ ಸಾಕಾಯಿತು. ಕ್ಯಾನ್ಸರ್ ಗರ್ಭಕೋಶ ದಾಟಿ ಎರಡೂ ಬದಿಯ ಸೊಂಟದೆಲುಬಿನ ಗೋಡೆಗೆ ಹಬ್ಬಿದೆ, ಕತ್ತಿ ಹಾಕುವ ಹಾಗಿಲ್ಲ, ವಿಕಿರಣದ ಶಾಖ ಕೊಟ್ಟು ನೋಡೋಣ ಎಂದರು. ಎಂಟು ದಿನ ಮೊದಲು ಬಂದಿದ್ದರೂ ಇದೇ ಮಾತು ಹೇಳುತ್ತಿದ್ದರು. ಕೇಸರಿಬಾತಿನ ದಿನ ಬಂದಿದ್ದರೆ ಬೇರೆ ಮಾತಿರುತ್ತಿತ್ತೋ ಏನೋ.

ಸಂಜೆ ಸೀತಾರಾಮ ಅವಳ ಮುಂದೆ ಏನನ್ನೋ ಹೇಳಲು ಬಾಯಿ ತೆರೆದ.

"ಸುಮ್ನಿರಿ," ಎಂದಳು. "ಗಂಟಲು ನೋಯ್ತದೆ."

ಮರುದಿನ ಬೆಳಿಗ್ಗೆ ಅವನನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು. ಯಶೋದಾ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿ, ಕಿಬ್ಬೊಟ್ಟೆ ಅದುಮಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.