ಪರಾಸ ಎಂಬ ಬಣ್ಣ

ಇಳಕಲ್ಲಿನಲ್ಲಿ ನನ್ನ ಸೋದರತ್ತೆ ಕೈಮಗ್ಗದ ಸೀರೆ ನೇಯುತ್ತಾಳೆ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ದಸರೆಯ ರಜೆಗೆ ಹೋದಾಗ, ಬಾದಾಮಿಯಲ್ಲಿ ಮಾರಾಟಕ್ಕಿಡಲು ಅವಳ ಓಣಿಯ ಹೆಂಗಸರು ಸೀರೆ ಮಡಚಿಡುತ್ತಿದ್ದರು. ಒಂದೊಂದಕ್ಕೂ ವಿವರದ ಚೀಟಿ ಅಂಟಿಸಬೇಕಿತ್ತು.

"ಅದೇನ ದೊಡ್ಡ ಕೆಲಸ ಅತ್ತಿ, ನಾ ಮಾಡಿಕೊಡ್ತೇನಿ" ಎಂದೆ ಜಂಬದಿಂದ.

ಸೀರೆಗಳ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ಹಾಕಿ, ಕಂಪ್ಯೂಟರಿಗೆ ಸಾಲುಸಾಲಾಗಿ ಆದೇಶ ಕೊಡುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದೆ. ಅದು ಪ್ರತಿ ಸೀರೆಯ ದಡಿ, ಅಂದರೆ ಅಂಚಿನ ಹೆಸರನ್ನೂ ಬಣ್ಣವನ್ನೂ ಎರಡು ವೇರಿಯೇಬಲ್‌ಗಳಲ್ಲಿ ಹಿಡಿದು ಪರ್ಲ್ ಪ್ರೋಗ್ರಾಮಿಗೆ ದಾಟಿಸುತ್ತಿತ್ತು. ಅಲ್ಲಿನ ಸಬ್‌ರೂಟೀನ್, ಅಂದರೆ ಚೀಟಿ ಬರೆಯುವ ಭಾಗ, ಮೊದಲು ಬಂದದ್ದನ್ನು ದಡಿ, ಎರಡನೆಯದನ್ನು ಬಣ್ಣ ಎಂದುಕೊಂಡು ಚೀಟಿ ಸಿದ್ಧಮಾಡುತ್ತಿತ್ತು. ಪರ್ಲ್ ಹಳೇ ಕಾಲದ ಭಾಷೆ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಏನು ಮಾಡಲಿ, ನನಗೆ ಕೈಹತ್ತಿದ್ದು ಅದೇ.

ಮುದ್ರಿಸಿ ತಂದ ಚೀಟಿ ಓದಿದ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಯವ್ವಾ, ಪರಾಸ ಅನ್ನೋ ಬಣ್ಣ ನಾ ಹುಟ್ಟಿದಾಗಿಂದ ನೋಡಿಲ್ಲ!"

ಚಿಕ್ಕಿ ಪರಾಸ ಎಂಬ ದಡಿಯ ಕೆಂಪು ಸೀರೆಯ ಚೀಟಿ ಅದು. ದಡಿ ಚಿಕ್ಕಿ, ಬಣ್ಣ ಪರಾಸ ಎಂದಿತ್ತು. ಕೆಂಪು ಮಾಯ.

ನಾನು ಸಬ್‌ರೂಟೀನಿನಲ್ಲೇ ತಪ್ಪು ಹುಡುಕುತ್ತ ಕೂತೆ. ಸಿಗಲಿಲ್ಲ. ಅಷ್ಟರಲ್ಲಿ ಅತ್ತೆ ಚಾಪೆಯ ಮೇಲೆ ಚೀಟಿಗಳನ್ನು ಎರಡು ಗುಂಪು ಮಾಡಿದ್ದಳು.

"ಇಲ್ನೋಡು, ಗೋಮಿ ದಡಿವು ಎಲ್ಲಾ ಸರಿ ಅದಾವು. ಚಿಕ್ಕಿ ಪರಾಸದವು ಅಷ್ಟ ಕೆಟ್ಟಾವು."

"ಯಾಕಿರಬೇಕು?"

"ನನಗೇನ ಗೊತ್ತು? ಗೋಮಿ ಒಂದ ಮಾತು, ಇವು ಎರಡು."

ನಾನು ಹಣೆ ಬಡಿದುಕೊಂಡೆ. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಶೆಲ್ ನಡುವಿನ ಖಾಲಿ ಜಾಗದಲ್ಲಿ ಮಾತನ್ನು ತುಂಡರಿಸುತ್ತದೆ ಎಂದು ಪ್ರತಿವರ್ಷ ಪಾಠ ಮಾಡುವವಳು ನಾನು! ಚಿಕ್ಕಿ, ಪರಾಸ, ಕೆಂಪು ಎಂದು ಎರಡರ ಬದಲು ಮೂರು ತುಂಡು ಪರ್ಲ್‌ಗೆ ಹೋಗಿದ್ದವು. ಸಬ್‌ರೂಟೀನ್ ಮೊದಲೆರಡನ್ನು ತೆಗೆದುಕೊಂಡು ಕೆಂಪನ್ನು ಬಿಟ್ಟಿತ್ತು. ವೇರಿಯೇಬಲ್‌ಗಳ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದೆ. ಚೀಟಿಗಳೆಲ್ಲ ಸರಿಯಾಗಿ ಬಂದವು.

"ಭಾಳ ಚಲೋ ಆತು" ಎಂದ ಅತ್ತೆ, ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು: "ನೇದಾಕಿ ಹೆಸರು ಎಲ್ಲೈತಿ?"

ಅದು ನನಗೆ ಹೊಳೆದೇ ಇರಲಿಲ್ಲ. ನೇಯ್ದವಳ ಹೆಸರಿಗೆಂದು ಮೂರನೆಯ ವೇರಿಯೇಬಲ್ ಸೇರಿಸಿದೆ, ಸಬ್‌ರೂಟೀನಿಗೂ ಮೂರನ್ನು ತೆಗೆದುಕೊಳ್ಳಲು ಕಲಿಸಿದೆ. ತನ್ನ ಸೀರೆಯ ಹೊಸ ಚೀಟಿ ಹಿಡಿದ ಅತ್ತೆ ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಏ, ಎಲ್ಲಾರೂ ಬರ್ರೇ! ನಿಮ್ಮ ನಿಮ್ಮ ಹೆಸರು ಬರಸ್ರಿ!"