ಹದಿನಾಲ್ಕನೆಯ ಕೇಬಲ್

ಮುಂಬೈಯ ಪರೇಲಿನ ಹೊಸ ಆಫೀಸೊಂದರಲ್ಲಿ ನೆಟ್‌ವರ್ಕ್ ಕೇಬಲ್‌ಗಳನ್ನು ಪರೀಕ್ಷಿಸುತ್ತಿದ್ದೆವು. ನಾನು ಬೇಸ್‌ಮೆಂಟಿನಲ್ಲಿ, ಕೇಬಲ್‌ಗಳೆಲ್ಲ ಒಂದು ಪ್ಯಾನೆಲ್ಲಿಗೆ ಬಂದು ಸೇರುವ ಕೋಣೆಯಲ್ಲಿ. ಜೊತೆಗಾರ, ವಿಜಯಪುರದ ಕಡೆಯವನು, ಎರಡನೆಯ ಮಹಡಿಯಲ್ಲಿ. ಕೇಬಲ್ಲಿನ ಎರಡು ತುದಿಗೂ ಒಂದೊಂದು ಯಂತ್ರ. ನಾನು ಗುಂಡಿ ಒತ್ತಿದರೆ ಒಳಗಿನ ಎಂಟೂ ತಂತಿ ಸರಿಯಿವೆಯೇ, ವೇಗ ಸಾಲುತ್ತದೆಯೇ ಎಂದು ನೋಡಿ ಎರಡೂ ದನಿ ಮಾಡುತ್ತವೆ. ಪಾಸಾದರೆ ಚಿಕ್ಕ ಬೀಪ್, ಫೇಲಾದರೆ ಉದ್ದನೆಯ ಕರ್ಕಶ ಸದ್ದು. ಹೆಡ್‌ಫೋನ್ ಹಾಕಿಕೊಂಡರೆ ಅದೇ ಕೇಬಲ್ಲಿನಲ್ಲಿ ಮಾತಾಡಲೂಬಹುದು.

ಊಟದ ಹೊತ್ತಿಗೆ ಹತ್ತು ಕೇಬಲ್ ಉಳಿದಿದ್ದವು. ಹೆಡ್‌ಫೋನಿನಲ್ಲಿ ಅವನ ದನಿ ಬಂತು.

"ಅಣ್ಣಾ, ಹದಿನಾಲ್ಕು ಮಸ್ತ್ ಪಾಸ್ ಆಗೇದ. ಅದನ್ನ ಹತ್ತ್ ಸಲ ಒತ್ತಿ ಉಳಿದ ಹತ್ತ್ ಕೇಬಲ್ಲಿನ ಹೆಸರ್ಲೆ ಸೇವ್ ಮಾಡ್ರಿ. ನಾ ಡಬ್ಬಿ ಬಿಚ್ಚತೀನಿ."

"ಯಾರಾದರೂ ನೋಡಿದರೆ?"

"ಯಾರ್ ನೋಡ್ತಾರ್ರೀ? ಎಲ್ಲಾರೂ ಹಿಂಗ ಮಾಡ್ತಾರ."

ನಾನು ಒಪ್ಪಿದೆ. ಹಿಂದೆಯೂ ಒಪ್ಪಿದ್ದೆ.

ಐದನೆಯ ಹೆಸರು ಸೇವ್ ಆದಾಗ ಹೊರಗೆ ಚಿಲಕ ಬಿತ್ತು, ಬೀಗ ಬಿತ್ತು. ಒಳಗೆ ಯಾರೂ ಇಲ್ಲವೆಂದು ವಾಚ್‌ಮನ್ ತಿಳಿದಿದ್ದ. "ಅರೆ ಭಾಯ್, ಅಂದರ್ ಆದ್ಮಿ ಹೈ!" ಎಂದು ಬಾಗಿಲು ಬಡಿದೆ. ಹೆಜ್ಜೆಗಳು ದೂರವಾದವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕಿಟಕಿ ಇರಲಿಲ್ಲ. ಎಸಿ ಇನ್ನೂ ಶುರುವಾಗಿರಲಿಲ್ಲ.

ಹೆಡ್‌ಫೋನಿನಲ್ಲಿ ಕರೆದೆ. ಉತ್ತರವಿಲ್ಲ. ಗುಂಡಿ ಒತ್ತಿದೆ. ಬೀಪ್. ಮತ್ತೆ ಮತ್ತೆ ಒತ್ತಿದೆ. ಒತ್ತಿದ ಲೆಕ್ಕ ಹತ್ತು ದಾಟಿತು. ಜೊತೆಗಾರ ಹೆಡ್‌ಫೋನನ್ನು ನೆಲಕ್ಕಿಟ್ಟು, ಪ್ರತಿ ಬೀಪಿಗೂ ಕೆಲಸ ಸಾಗುತ್ತಿದೆ ಎಂದುಕೊಂಡು ನೆಮ್ಮದಿಯಿಂದ ಉಣ್ಣುತ್ತಿದ್ದನಂತೆ; ಅವನೇ ಆಮೇಲೆ ಹೇಳಿದ. ಎಣಿಸುತ್ತಿರಲಿಲ್ಲವಂತೆ.

ಗಾಳಿ ಸಾಲದಾಯಿತು. ಬಾಗಿಲ ಕೆಳಗಿನ ಸಂದಿಗೆ ಮೂಗು ಹಚ್ಚಿ ಮಲಗಿದೆ. ಸಿಮೆಂಟಿನ ಧೂಳು ಬಾಯಿಗೆ ಬಂತು. ಮೊಬೈಲಿನ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಪಾಸಿನ ದನಿಗೆ ಅವನು ಏಳುವುದಿಲ್ಲ ಎಂಬುದು ಆಗ ಹೊಳೆಯಿತು.

ಎದ್ದು, ಇಕ್ಕಳದಿಂದ ಹದಿನಾಲ್ಕರ ಕಂದು ತಂತಿಯೊಂದನ್ನೇ ಪ್ಯಾನೆಲ್ಲಿನಿಂದ ಕಿತ್ತೆ; ಮಾತಾಡಲು ಉಳಿದವು ಸಾಕಿದ್ದವು. ಆ ದಿನ ನಾನು ಕಂಡ ಅತ್ಯಂತ ಒಳ್ಳೆಯ ಕೇಬಲ್ ಅದು. ಗುಂಡಿ ಒತ್ತಿದೆ. ಉದ್ದನೆಯ ಸದ್ದು. ಹೆಡ್‌ಫೋನಿನಲ್ಲಿ ಅವನು ಬಂದ.

"ಅಣ್ಣಾ! ಪಾಸ್ ಆದದ್ದನ್ನ ಫೇಲ್ ಮಾಡಾಕ ನಿಮಗೊಬ್ಬರಿಗೇ ಬರ್ತದ ನೋಡ್ರಿ!"

"ಮಾರಾಯ, ಹೊರಗಿನಿಂದ ಬೀಗ ಹಾಕಿದ್ದಾರೆ. ಬೇಗ ಬಾ."

ಅವನು ನಕ್ಕ. ನನ್ನ ಉಸಿರು ಕೇಳಿಸಿರಬೇಕು, ನಗು ನಿಂತಿತು.

ವಾಚ್‌ಮನ್ ಬೀಗ ತೆಗೆದಾಗ ಪಕ್ಕದಲ್ಲಿ ನಿಂತಿದ್ದ ಜೊತೆಗಾರನ ಬೆರಳಿಗೆ ಪಲ್ಯ ಮೆತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ. ಆಮೇಲೆ ಒಳಗೆ ಹೋಗಿ ಕಂದು ತಂತಿಯನ್ನು ಮತ್ತೆ ಕೂರಿಸಿ, ಸೇವ್ ಮಾಡಿದ್ದ ಐದು ಹೆಸರುಗಳನ್ನೂ ಒಂದೊಂದಾಗಿ ಅಳಿಸಿದೆ. ಅವನು ನೋಡಿದ, ಬೆರಳು ಒರೆಸಿಕೊಂಡು ಮೇಲೆ ಹೋದ.

"ಯಂತ್ರ ಹದಿನೈದಕ್ಕ ಹಾಕೀನ್ರಿ, ಅಣ್ಣಾ."

ನನ್ನ ಚೀಲವನ್ನು ಬಾಗಿಲಿಗೆ ಅಡ್ಡ ಇಟ್ಟು ಬಂದು, ಗುಂಡಿ ಒತ್ತಿದೆ.