ವಿಷಾದಪೂರ್ವಕ ನೇಮಕ

ನನಗೆ ಕೆಲಸ ಕೊಡಿಸಿದ್ದು ಒಂದು ತಿರಸ್ಕಾರದ ಪತ್ರ. ನಂಬಿ ಹೇಳುತ್ತಿದ್ದೇನೆ, ನಮ್ಮ ಕಾಲೇಜಿನ ಅಧ್ಯಕ್ಷರ ಕಿವಿಗೆ ಮಾತ್ರ ಹಾಕಬೇಡಿ.

ಠಾಣೆ ನಗರದ ಖಾಡಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲಿ ವಾಸಿಸುವ ಜೇಡಗಳನ್ನು ಆರು ವರ್ಷ ಹಿಂಬಾಲಿಸಿ ನಾನು ಡಾಕ್ಟರೇಟ್ ಪಡೆದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅಮ್ಮ ಪ್ರತಿ ಶನಿವಾರ ಜೇಡರ ಬಲೆ ಗುಡಿಸುತ್ತಾಳೆ. ಹಾಗಾಗಿ ನನ್ನ ವಿದ್ಯೆಯ ಬಗ್ಗೆ ಅವಳ ಅಭಿಪ್ರಾಯ ಕೇಳುವ ಧೈರ್ಯ ನನಗೆ ಬಂದಿಲ್ಲ. ಆಮೇಲೆ ಎರಡು ವರ್ಷ ಬರೀ ಸಂದರ್ಶನಗಳು. ಒಂದು ಹುದ್ದೆಗೆ ನಲವತ್ತು ಡಾಕ್ಟರುಗಳು, ಎಲ್ಲ ಕಡೆ ಅವೇ ಮುಖಗಳು. ಕಾಯುವಾಗ ತಿನ್ನಲು ಯಾರು ಚಪಾತಿ ತರುವುದು, ಯಾರು ಉಪ್ಪಿನಕಾಯಿ ತರುವುದು ಎಂದು ಹಿಂದಿನ ದಿನವೇ ಮಾತಾಡಿಕೊಳ್ಳುವಷ್ಟು ಸಲಿಗೆಯಾಯಿತು. ಇಲ್ಲಿನ ಕಾಲೇಜುಗಳು ಇಲ್ಲವೆಂದು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ವಿದೇಶದವರು ಹಾಗಲ್ಲ. ಜರ್ಮನಿಯ ಒಂದು ವಿಶ್ವವಿದ್ಯಾಲಯ ಇಡೀ ಪುಟದ ಮೇಲ್ ಬರೆಯಿತು. ನನ್ನ ಕೆಲಸ ಅಸಾಧಾರಣವಂತೆ, ಅದನ್ನು ಓದುವುದು ಅವರ ಭಾಗ್ಯವಂತೆ. 'ಆದರೂ ವಿಷಾದದಿಂದ' ಎಂಬ ಮಾತು ಇದ್ದದ್ದು ಎಲ್ಲಕ್ಕಿಂತ ಕೆಳಗೆ. ಕಲ್ಯಾಣದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಅಪ್ಪ ಅದನ್ನು ನನ್ನ ಫೋನಿನಲ್ಲಿ ಓದಿದರು. ಫೋನಿನ ಪರದೆ ಎಲ್ಲಿ ಮುಗಿಯಿತೋ ಅಲ್ಲಿಗೆ ಅವರ ಓದೂ ಮುಗಿಯಿತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮೂರೂ ವಿಂಗಿನ ಮನೆಗಳಿಗೆ ಸುದ್ದಿ ಹಬ್ಬಿತ್ತು. ಸಂಜೆ ಹೋಟೆಲಿನಿಂದ ದೊಡ್ಡ ಡಬ್ಬಾ ತುಂಬ ಶೀರಾ ಬಂತು.

"ಅಪ್ಪ, ಅವರು ನನ್ನನ್ನು ಬೇಡ ಅಂತ ಬರೆದದ್ದು," ಎಂದೆ.

ಅಪ್ಪ ಕನ್ನಡಕ ಏರಿಸಿ ಕೊನೆಯ ತನಕ ಓದಿದರು. ಮುಖ ಸಪ್ಪಗಾಯಿತು. ಮತ್ತೆ ಮೊದಲ ಸಾಲಿಗೆ ಹೋಗಿ, "ಬೇಡ ಅಂತ ಹೇಳ್ಲಿಕ್ಕೆ ಇಷ್ಟು ಮರ್ಯಾದೆಯಾ ಮಾರಾಯ್ತಿ! ಇಲ್ಲಿಯವರು ಬಾ ಅಂತ ಹೇಳುವಾಗಲೂ ಇಷ್ಟು ಕೊಡುದಿಲ್ಲ. ಪ್ರಿಂಟ್ ತೆಗೆದು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡು," ಎಂದರು.

ಇಟ್ಟೆ. ಮುಂದಿನ ವಾರ ಕಳಂಬೋಲಿಯ ಕಾಲೇಜೊಂದರಲ್ಲಿ ಸಂದರ್ಶನವಿತ್ತು. ಕಾಯಂ ಹುದ್ದೆಯಲ್ಲ, ಪಾಠ ಮಾಡಿದ ತಾಸಿಗಷ್ಟೇ ಸಂಬಳ. ಅಧ್ಯಕ್ಷರದು ಕಬ್ಬಿಣದ ವ್ಯಾಪಾರ. ನನ್ನ ಮಹಾಪ್ರಬಂಧವನ್ನು ಅವರು ತೆರೆಯಲಿಲ್ಲ. ಅಂಗೈಯಲ್ಲಿ ಎತ್ತಿ ತೂಗಿ ನೋಡಿ, ತೃಪ್ತಿಯಿಂದ ಕೆಳಗಿಟ್ಟರು. ಆಮೇಲೆ ಪತ್ರದ ಮೊದಲ ಎರಡು ಸಾಲನ್ನು ಗಟ್ಟಿಯಾಗಿ ಓದಿದರು.

"ಜರ್ಮನಿ ಛೋಡ್ ಕೇ ಕಳಂಬೋಲಿ ಆಯೀ ಹೋ, ಬೇಟಾ?" ಅವರ ಕಣ್ಣು ತೇವವಾಗಿತ್ತು.

ಬಿಟ್ಟದ್ದು ನಾನಲ್ಲ, ಜರ್ಮನಿ. ಹಾಗೆಂದು ಹೇಳಲು ಬಾಯಿ ಬಾರದೆ, "ಸರ್, ಲಾಸ್ಟ್ ಲೈನ್ ಭೀ ಪಢಿಯೇ," ಎಂದು ಪತ್ರದ ಕೊನೆಯ ಸಾಲು ತೋರಿಸಿದೆ.

"ವೋ ಪ್ರಿನ್ಸಿಪಾಲ್ ಸಾಬ್ ಪಢೇಂಗೇ," ಎಂದು ಓದುವ ಕೆಲಸವನ್ನು ಪ್ರಿನ್ಸಿಪಾಲರಿಗೆ ಬಿಟ್ಟು, ಪತ್ರವನ್ನು ಪಕ್ಕಕ್ಕೆ ಸರಿಸಿ, ಬಂದ ಫೋನಿಗೆ ಉತ್ತರಿಸುತ್ತಾ ಹೊರನಡೆದರು.

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಧಾರವಾಡದ ಕಡೆಯವರು, ತಾವೂ ಡಾಕ್ಟರೇಟ್ ಪಡೆದವರು. ಪತ್ರವನ್ನು ಕೊನೆಯ ಸಾಲಿನವರೆಗೂ ನಿಧಾನವಾಗಿ ಓದಿದರು. ಅವರು ಬಾಗಿಲ ಕಡೆ ಒಮ್ಮೆ ನೋಡಿ ಫೈಲು ಮುಚ್ಚಿದರು.

"ಭಾಳ ಛಲೋ ಬರದಾರ್ರಿ ಮೇಡಂ," ಎಂದರು ದನಿ ತಗ್ಗಿಸಿ. "ಸೋಮವಾರದಿಂದ ಬರ್ರಿ. ನಾ ಇಲ್ಲಿ ಸೇರಿದಾಗ ನಂದು ಕೆನಡಾದ್ದಿತ್ತು."